ಎಷ್ಟು ಚುಕ್ಕಿ

ಜಾಲಹಳ್ಳಿಯ ಒಳದಾರಿ, ಪಂಕ್ಚರ್ ಅಂಗಡಿಯ ಹಿಂದೆ
ಚರಂಡಿ ಅಗೆಯುವಾಗ ಎದ್ದ ಕಲ್ಲು.
ಜೆಸಿಬಿಯ ಹಲ್ಲು ತಾಗಿ ಮೂರನೇ ಸಾಲಲ್ಲಿ ಚೂರೊಂದು ಹಾರಿದೆ.
ಓದುವವರಿಲ್ಲದೆ ಸಾವಿರ ವರ್ಷ ಮಣ್ಣಲ್ಲಿ ನೆಟ್ಟಗಿದ್ದ ಅಕ್ಷರ
ಹೋದ ಮಂಗಳವಾರ ಹೋಯಿತು.
ಹುಡುಕಿದೆ. ಅಷ್ಟರಲ್ಲಿ ಕಾಂಕ್ರೀಟು ಸುರಿದಿದ್ದರು.

ಉಳಿದದ್ದು ‘ಬಸ’, ಆಮೇಲೆ ಗಾಯ,
ಆಮೇಲೆ ‘ಗೆ ಬಿಟ್ಟ ಗದ್ದೆ’.
ಗಾಯದ ಅಂಚಿನಲ್ಲಿ ಒಂದು ಕೊಂಕು,
ಕತ್ತರಿಸಿ ಬಿಸಾಡಿದ ಉಗುರಿನಷ್ಟು.

ಧರಣೇಂದ್ರಯ್ಯನವರು ಕನ್ನಡಕ ಒರೆಸುವ ಮೊದಲೇ ಅಂದರು:
ಬಸದಿಗೆ. ಇನ್ನೇನಮ್ಮ.
ಆಮೇಲೆ ಒರೆಸಿಕೊಂಡದ್ದು ಕಣ್ಣು.
ನಮ್ಮವರೂ ಇಲ್ಲಿದ್ದರು ಎನ್ನಲು ಅವರಿಗೆ
ಇಷ್ಟು ದಿನ ಒಂದು ಕಲ್ಲೂ ಇರಲಿಲ್ಲ.
ಗುರುಶಾಂತಪ್ಪ ಮೇಷ್ಟ್ರು ಬೆರಳಾಡಿಸಿ, ಮೆತ್ತಗೆ:
ಬಸವಂಗೆ. ಪಕ್ಕದ ಬೀದಿಯಲ್ಲೇ ಮುಖ ಸವೆದ ನಂದಿ ಕೂತಿದೆಯಲ್ಲ.
ಈಗಿನ ಅಕ್ಷರದಲ್ಲಿ ಸೀಮೆಸುಣ್ಣದಿಂದ ಬರೆದು ತೋರಿಸಿದರೆ
ಪಂಕ್ಚರ್ ಅಂಗಡಿಯ ರಿಹಾನ್, ಎರಡನೇ ಕ್ಲಾಸು, ಕುಣಿದ:
ಬಸ್ಸಿಗೆ! ಬಸ್ಸಿಗೆ ಬಿಟ್ಟ ಗದ್ದೆ, ಆಂಟಿ, ಡಿಪೋ ಇತ್ತು!
ಮೂವರೂ ನಕ್ಕೆವು, ಬೇಗ ನಿಲ್ಲಿಸಿದೆವು.

ನಾನು ಮಾತ್ರ ಬರಿಗೈಯಲ್ಲಿ ಬಂದವಳು ಎಂದುಕೊಂಡಿದ್ದೆ.
ನಮ್ಮ ಮನೆಯ ದೇವರ ಗೂಡಿನಲ್ಲಿ ಇದ್ದದ್ದು ಸೀಮೆಎಣ್ಣೆ ಡಬ್ಬ.
ಅಪ್ಪ ಗಡಿಯಾರದ ಕಾರ್ಖಾನೆ, ಯೂನಿಯನ್ನು,
‘ದೇವರೆಂದರೆ ಭಯ, ಭಯದ ಮೇಲೆ ಕಂದಾಯ’ ಎನ್ನುತ್ತ
ಅನ್ನ ಕಲಸುತ್ತಿದ್ದ.
ಕಲ್ಲು ನೋಡುವ ಹಿಂದಿನ ರಾತ್ರಿಯ ತಾರೀಖು ಹಾಕಿ
ನೋಟುಬುಕ್ಕಿನಲ್ಲಿದೆ, ನನ್ನದೇ ಕೈಬರಹ:
‘ಮೂಲದಲ್ಲಿ ಭಕ್ತಿಯಲ್ಲ, ನೀರಿನ ಜಗಳ. ಗದ್ದೆ ಯಾರದು, ನೋಡಬೇಕು.’
ಕಲ್ಲಿನಲ್ಲಿ ಗದ್ದೆಯಿದೆಯೆಂದು ಆಗ ಯಾರೂ ಹೇಳಿರಲಿಲ್ಲ.
ಅದು ಸಿಕ್ಕಾಗ ನನ್ನೆದೆ ಹಾರಿದ್ದೂ
ಧರಣೇಂದ್ರಯ್ಯನವರ ಕಣ್ಣೀರೂ ತಕ್ಕಡಿಗೆ ಒಂದೇ ತೂಕ.

ಸಂಜೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿದೆ.
ಮಸಿ ಹತ್ತುವುದು ಉಬ್ಬಿಗೆ. ತಗ್ಗು ಬಿಳಿ ಉಳಿಯುತ್ತದೆ.
ಗಾಯವೂ ತಗ್ಗೇ. ಅದೂ ಅಕ್ಷರದಷ್ಟೇ ಬೆಳ್ಳಗೆ.
ಟಾರ್ಚು ಎಡಕ್ಕೆ ಹಿಡಿದರೆ ಕೊಂಕು ‘ದಿ’ ಆಗುತ್ತದೆ,
ಬಲಕ್ಕೆ ಹಿಡಿದರೆ ‘ವ’,
ನೇರ ಹಿಡಿದರೆ ಬರೀ ಕಲ್ಲು, ನನಗೆ ಬೇಕಾದದ್ದು.
ಟಾರ್ಚು ಆರಿಸಿದರೆ ಸೊಳ್ಳೆ.

ಅಪ್ಪನ ಇನ್ನೊಂದು ಮಾತು ತಡವಾಗಿ ಬಂತು:
ಗಡಿಯಾರ ಕೆಟ್ಟಿದೆ ಅನ್ನುವ ಮೊದಲು ಚಿಮಟ ನೋಡು.
ಚಿಮಟಕ್ಕೆ ಕಾಂತ ಹತ್ತಿದ್ದರೆ
ಕೂದಲೆಳೆಯ ಸ್ಪ್ರಿಂಗು ಅದರತ್ತ ವಾಲುತ್ತದೆ,
ನೀನು ಸ್ಪ್ರಿಂಗನ್ನು ಬೈಯುತ್ತೀ.
ದಿನಾ ಬೆಳಿಗ್ಗೆ ತಂತಿಸುರುಳಿಯೊಳಗೆ ತೂರಿಸಿ ಕಾಂತ ಇಳಿಸುತ್ತಿದ್ದ.
ಸಂಜೆಗೆ ಮತ್ತೆ ಹತ್ತಿರುತ್ತಿತ್ತು.
ಹಾಗೆಂದು ಕಾರ್ಖಾನೆಯಲ್ಲಿ ಯಾರೂ ಬರಿಬೆರಳಲ್ಲಿ ಗಡಿಯಾರ ಬಿಚ್ಚಲಿಲ್ಲ.

ಮರುದಿನ ಹೋದರೆ ಹೂವಿನ ಮುನಿಯಲ್ಲಮ್ಮ
ಗಾಯದ ತುಂಬ ಅರಿಶಿನ ಮೆತ್ತಿದ್ದಾಳೆ. ಕೊಂಕೂ ಮುಚ್ಚಿದೆ.
ಯಾವ ದೇವರಿಗಮ್ಮ, ಎಂದೆ.
ದೇವರಿಗ್ಯಾಕೆ, ಪೆಟ್ಟಾಗದಲ್ಲವ್ವಾ, ಎಂದಳು.
ಇದನ್ನೂ ಬರೆದುಕೊಂಡೆ: ‘ಪೂಜೆ, ಇತ್ತೀಚಿನದು.’
ಬಸ್ ಸ್ಟಾಪಿನಲ್ಲಿ ಹೊಡೆದುಹಾಕಿದೆ.

ಈಗ ವರದಿ. ‘ಬಸ’ ಎಂದು ಬರೆದಾಯಿತು.
ಹೋದ ಅಕ್ಷರಕ್ಕೆ ಚುಕ್ಕಿ ಇಡುವುದು ನಮ್ಮ ರೂಢಿ.
ಬಸದಿಗೆ ಆದರೆ ಒಂದು.
ಬಸವಂಗೆ ಆದರೆ ಸೊನ್ನೆಗೂ ಜಾಗ ಬೇಕು, ಎರಡು.
ಗೊತ್ತಿಲ್ಲ ಎನ್ನುವುದಕ್ಕೂ ಲೆಕ್ಕ ಕೊಡಬೇಕು.

ಯೋಚಿಸುತ್ತ ಪೆನ್ನು ಊರಿ ಕೂತಿದ್ದೆ.
ಎತ್ತಿ ನೋಡಿದರೆ ಒಂದು ಚುಕ್ಕಿ
ಆಗಲೇ ಇಂಗಿದೆ.