ಪಟ್ಟಿಗೆ ಹೊಡೆದ ಸಾಲು

ಮೂರು ವರ್ಷ ಹೀಗೇ ನಡೆಯಿತು.
ಅಕ್ಕಲಕೋಟೆ ರಸ್ತೆಯ ಟವೆಲ್ ಕಾರ್ಖಾನೆಯಲ್ಲಿ
ರಾತ್ರಿ ಲೈಟು ಹೋಗಿ, ಯುಪಿಎಸ್ ಕುಂಯ್‌ಗುಟ್ಟಿ ಸತ್ತು,
ಮತ್ತೆ ಲೈಟು ಬಂದಾಗ
ಸರ್ವರು ಅರ್ಧ ಎದ್ದು ಕೂತುಬಿಡುತ್ತಿತ್ತು,
ಕರ್ನಲ್ ಶುರುವಾಗುತ್ತಿದೆ ಎಂದು ಬರೆದುಕೊಂಡು
ಶುರುವಾಗದೆ, ಬೆಳಗಿನವರೆಗೂ.

ಅದರ ಹೊಟ್ಟೆಯಲ್ಲಿ ಆರು ಯಂತ್ರಗಳು, ಮೈಯಿಲ್ಲದವು:
ಪಗಾರದ್ದೊಂದು, ಬಿಲ್ಲಿನದೊಂದು, ಹಾಜರಿಯದು,
ಡಿಸೈನಿನವು ಎರಡು; ಇನ್ನೊಂದು ಯಾಕಿದೆಯೆಂದು
ಯಾರಿಗೂ ಗೊತ್ತಿಲ್ಲ, ಆರಿಸಲು ಯಾರಿಗೂ ಧೈರ್ಯವಿಲ್ಲ.
ತಾಯಿ ಏಳದೆ ಒಂದೂ ಕಣ್ಣು ಬಿಡುವುದಿಲ್ಲ.

ಆಗ ಗೇಟಿನಿಂದ ರೇವಣಸಿದ್ಧ ಕಲಶೆಟ್ಟಿಯ ಫೋನು.
"ಬಾಯೀ, ಮತ್ತ ಕುಂತದ."
ಜುಳೆ ಸೋಲಾಪುರದ ಹಾಸಿಗೆಯಿಂದ ನಾನು:
"ಬಟನ್ ಒತ್ತಿ ಹೊಳ್ಳಿ ಚಾಲೂ ಮಾಡ್ರಿ ಕಾಕಾ.
ಗೀರು ಕಂಡ ಕೂಡಲೆ ಶಿಫ್ಟ್ ಹಿಡದು ಓ.
ಐದಽ ಸೆಕೆಂಡು."
ಇಂಗ್ಲಿಷ್ ಬಾರದ ಬೆರಳು ಚೀಟಿ ನೋಡಿ ನೋಡಿ
ಒಂದೊಂದೇ ಅಕ್ಷರ ಹುಡುಕುವುದು ಕೇಳುತ್ತಿತ್ತು,
ಕೋಳಿ ಕಾಳು ಹೆಕ್ಕಿದ ಹಾಗೆ.
ಇಗ್ನೋರ್ ಹೆಡ್‌ಲೆಸ್, ಬರೋಬರದ ಎರಡು ಗೀರು, ಟ್ರೂ.
"ಇದರ ಅರ್ಥ ಏನವಾ?"
"ತಲಿ ಇಲ್ಲಂತ ನಿಂದರಬ್ಯಾಡ, ಮುಂದ ನಡಿ ಅಂತ."
ಆಚೆ ನಗು. "ಹಂಗಾರ ಇದನ್ನ
ಮಾಲಕರ ಕ್ಯಾಬಿನ್ನಿಗೂ ಅಂಟಸೂನು."

ಒಂದು ರಾತ್ರಿ ಆತನೇ ಕೇಳಿದ,
ತಾನು ಹೊಡೆದ ಅಕ್ಷರ ಆಮೇಲೆ ಎಲ್ಲಿ ಹೋಗುತ್ತವೆಂದು.
ಈ ಸಲ ಏಳುವುದಕ್ಕೆ ಅಷ್ಟೇ ಕಾಕಾ,
ಎದ್ದ ಮೇಲೆ ಅದಕ್ಕೆ ನೆನಪಿರುವುದಿಲ್ಲ.
ಬಹಳ ಹೊತ್ತು ಸುಮ್ಮನಿದ್ದ.
ಗೇಟಿಗೆ ಬರುವ ಮೊದಲು ಇಪ್ಪತ್ತೆರಡು ವರ್ಷ
ಜಕಾರ್ಡಿನ ರಟ್ಟಿಗೆ ತೂತು ಹೊಡೆದವನು;
ನವಿಲು, ಕಮಲ, ತಾಜಮಹಲು
ಎಲ್ಲವೂ ಅವನ ಕೈಯಲ್ಲಿ ಮೊದಲು ತೂತುಗಳಾಗಿದ್ದವು.
"ಪಟ್ಟಿಗೆ ಹೊಡೀದಽ, ದಿನಾ ಕೈಲೆ ಎಳಿ ಎತ್ತಿದ್ರ
ಅದು ನೇಯ್ಗಿ ಏನವಾ?
ಪಟ್ಟಿಗೆ ಹೊಡಿ."

ನಾಚಿಕೆಯಾಯಿತು. ನನಗೆ ಗೊತ್ತಿತ್ತು.
ಗೊತ್ತಿದ್ದೂ ನಾಳೆ ನಾಡಿದ್ದು ಅನ್ನುತ್ತ
ಒಬ್ಬ ಮುದುಕನ ಐದು ಸೆಕೆಂಡಿನ ಮೇಲೆ
ಕಾರ್ಖಾನೆ ಓಡಿಸಿದ್ದೆ.

ರವಿವಾರ, ಮಗ್ಗಗಳು ನಿಂತ ಹೊತ್ತಿಗೆ ಒಳಹೊಕ್ಕು
ಬೂಟಿನ ಫೈಲು ಹುಡುಕಿ, ಮೊದಲು ನಕಲು ತೆಗೆದಿಟ್ಟು,
ಕರ್ನಲ್‌ಗೆ ಹೇಳುವ ಸಾಲಿನ ಕೊನೆಗೆ
ಒಂದು ಜಾಗ ಬಿಟ್ಟು ಬರೆದೆ.
ಮುಚ್ಚಿ, ತೆರೆದು, ಇದೆಯೇ ಎಂದು ಓದಿದೆ.
ಆರನ್ನೂ ಒಂದೊಂದಾಗಿ ಮಲಗಿಸಿ
ವೈರು ಕಿತ್ತು, ಮತ್ತೆ ಚುಚ್ಚಿದೆ.
ಕಾಕಾ ಕೀಬೋರ್ಡಿನ ಪಕ್ಕ ನಿಂತು
ಬಾಯೊಳಗೇ ಎಣಿಸುತ್ತಿದ್ದ.
ಗೀರು ಬಂತು. ಅವನ ಬಲಗೈ ಶಿಫ್ಟಿನ ಕಡೆ ಹೋಗಿ
ಗಾಳಿಯಲ್ಲೇ ನಿಂತಿತು.
ಐದಾಯಿತು.
ಪರದೆ ದಾಟಿತು.
ಆತ ಚೀಟಿ ಮಡಚಿ ಚಂಚಿಯೊಳಗೆ
ಸುಣ್ಣದ ಡಬ್ಬಿಯ ಹಿಂದೆ ಇಟ್ಟುಕೊಂಡ.

ಆಮೇಲಿನ ಮಂಗಳವಾರ ನನ್ನ ಫೋನು ಬಡಿಯಲಿಲ್ಲ.
ಫ್ಯಾನು ನಿಂತು, ಸೆಕೆಗೆ ಎಚ್ಚರವಾಗಿ,
ಕತ್ತಲಲ್ಲಿ ಅದನ್ನು ಕೈಯಲ್ಲಿ ಹಿಡಿದು ಕೂತಿದ್ದೆ.
ಮುಂಜಾನೆ ಗೇಟಿನ ರಿಜಿಸ್ಟರು ತಿರುವಿದೆ.
ಎಲ್ಲ ಮರಾಠಿ: ಲಾರಿಯ ನಂಬರು, ನೂಲಿನ ಗಂಟು,
ಬಂದವರು, ಹೋದವರು.
ನಡುವೆ ಒಂದೇ ಕಡೆ ಕನ್ನಡ, ದಪ್ಪ ಅಕ್ಷರ:
"2.40ಕ್ಕ ಲೈಟ ಹೋತು. 3.05ಕ್ಕ ಬಂತು.
ಮಶೀನ ತಾನಽ ಎದ್ದಿತು.
ನಾನೂ ಎದ್ದಿದ್ದೆ."