ಒಬ್ಬರಿಗೆ ಒಂದೇ

ರೂವಿಯ ಈ ಹೈಪರ್‌ಮಾರ್ಕೆಟ್ಟಿನಲ್ಲಿ
ಮೊಸರಿನ ಫ್ರಿಜ್ಜಿಗೂ ಮೀನಿನ ಐಸಿಗೂ ನಡುವೆ
ನನ್ನದೊಂದು ಮೇಜು, ಕರೆಂಟಿನ ಕಾವಲಿ,
ಹಲ್ಲುಕಡ್ಡಿಯ ಡಬ್ಬಿ.
ಎದೆಯ ಮೇಲಿನ ಬಿಲ್ಲೆಯಲ್ಲಿ ನಾನು ‘ಜೆಸಿ’.
ಜೆಸಿಂತಾ ಎಂದರೆ ಉದ್ದವಾಯಿತಂತೆ.

ಚೀಸನ್ನು ಹದಿನಾರು ತುಂಡು ಮಾಡಬೇಕು, ಹದಿನೈದಲ್ಲ.
ಎರಡೂ ಬದಿ ಕೆಂಪಗಾಗಬೇಕು.
ಒಬ್ಬರಿಗೆ ಒಂದೇ.
ಇಷ್ಟು ಶಿಹಾಬ್ ಸರ್ ಹೇಳಿಕೊಟ್ಟದ್ದು.
ಉಳಿದದ್ದನ್ನು ನಿಂತು ನಿಂತು ಕಾಲುಗಳು ಕಲಿತವು.

ಯಾರೂ ನೇರ ಬರುವುದಿಲ್ಲ, ನೋಡಿ.
ಮೊದಲು ಪಕ್ಕದ ಲಬನ್ ಬಾಟಲಿ ಎತ್ತಿ
ತಾರೀಖು ಓದುತ್ತಾರೆ, ಬೆಲೆ ಓದುತ್ತಾರೆ,
ಕನ್ನಡಕ ಹಣೆಗೇರಿಸಿ ಮತ್ತೊಮ್ಮೆ ಓದುತ್ತಾರೆ.
ಅಷ್ಟರಲ್ಲಿ ಮೂಗು ಮೇಜಿನ ಹತ್ತಿರ ಬಂದಿರುತ್ತದೆ.
“ಇದೇನಿದು?” ಎಂದು ಕೇಳುವ ದನಿಯಲ್ಲಿ
ಬೋರ್ಡು ಕಾಣಲೇ ಇಲ್ಲವೆಂಬ ಆಶ್ಚರ್ಯ.
ನಾನೂ ಆಶ್ಚರ್ಯಪಟ್ಟು ಹೇಳುತ್ತೇನೆ: “ಚೀಸ್ ಸರ್. ಫ್ರೀ.”
ಫ್ರೀ ಎಂಬುದನ್ನು ಮೆತ್ತಗೆ ಹೇಳಬೇಕು,
ಸಾಲ ಕೇಳುವವರ ಹಾಗೆ.

ಸೀಬಿನ ಕಡೆಯ ಅಜ್ಜಿಯೊಬ್ಬರು ಮಾತ್ರ
ಮನೆಗೆ ಬಂದವರಂತೆ ಬಂದು ಸಲಾಂ ಹೇಳಿ
ನನ್ನ ಮಕ್ಕಳು, ಕಾಲುನೋವು, ಊರು ವಿಚಾರಿಸಿದರು.
ಶಿರ್ವವನ್ನು ಹೇಗೆ ಹೇಳಲಿ? ಕಡಲಿನಾಚೆ ಎಂದು ಕೈ ತೋರಿಸಿದೆ,
ಕೈ ತೋರಿಸಿದ್ದು ಮೀನಿನ ಐಸಿನ ಕಡೆಗೆ.
ಬಿಸ್ಮಿಲ್ಲಾ ಎಂದು ಬಲಗೈಯಲ್ಲಿ ಒಂದು ತುಂಡು ತೆಗೆದು
ಅರ್ಧ ಮೊಮ್ಮಗಳ ಬಾಯಿಗಿಟ್ಟರು.
ಆಮೇಲೆ ಬೇಡದ ಎರಡು ಪ್ಯಾಕೆಟ್ ಗಾಡಿಗೆ ಹಾಕಿಕೊಂಡರು.
ದಾಕ್ಷಿಣ್ಯಕ್ಕೆ ಅರಬ್ಬಿಯಲ್ಲಿ ಏನನ್ನುತ್ತಾರೋ,
ಕೇಳಬೇಕಿತ್ತು.

ನಮ್ಮವರು ಬಂದರೆ ಕಷ್ಟ.
ಗಂಡಹೆಂಡತಿ, ಮಾತಿನಲ್ಲೇ ಗೊತ್ತಾಯಿತು, ಕುಮಟೆಯ ಕಡೆಯವರು.
ಬೇಡ ಎಂದರು. ನಾನು ಸುಮ್ಮನಾದೆ.
ಅವರೂ ಸುಮ್ಮನೆ ನಿಂತರು.
ಆಮೇಲೆ ನೆನಪಾಯಿತು: ಅಯ್ಯೋ,
ನಮ್ಮಲ್ಲಿ ಮೊದಲನೆಯ ಬೇಡ ಲೆಕ್ಕಕ್ಕಿಲ್ಲವಲ್ಲ!
ಎರಡನೆಯದು ಮರ್ಯಾದೆಗೆ.
ಮೂರನೆಯ ಸಲ “ಒಂಚೂರಾದರೂ” ಎಂದು ಸೌಟು ತಂದರಷ್ಟೇ
ಎಲೆಗೆ ಅಡ್ಡ ಹಿಡಿದ ಕೈ ಸರಿಯುವುದು.
ಕನ್ನಡದಲ್ಲಿ ಒತ್ತಾಯ ಮಾಡಿದೆ. ತಿಂದರು.
ಉಪ್ಪು ಜಾಸ್ತಿ ಎಂದು ಹೇಳಿಯೂ ಹೋದರು,
ಮನೆಯವರ ಹಾಗೆ.

ಶುಕ್ರವಾರ ಮಧ್ಯಾಹ್ನ ಕ್ಯಾಂಪಿನ ಬಸ್ಸು ಬರುತ್ತದೆ.
ಆ ಹುಡುಗ, ರಫೀಕುಲ್ ಇರಬೇಕು, ಗೆಳೆಯ ಹಾಗೆ ಕೂಗಿದ್ದ,
ಒಮ್ಮೆ ಟೋಪಿ ಹಾಕಿ ಬಂದ.
ಒಮ್ಮೆ ಟೋಪಿ ತೆಗೆದು.
ಮೂರನೆಯ ಸಲ ಗೆಳೆಯನ ಅಂಗಿಯಲ್ಲಿ,
ತೋಳು ಒಂದು ಗೇಣು ಉದ್ದ.
ನಾನು ಮೂರೂ ಸಲ ಹೊಸಬನನ್ನೇ ಕಂಡೆ.
ಮೂರೂ ಸಲ ಚೀಸಿನ ಪೂರ್ತಿ ಕಥೆ ಹೇಳಿದೆ:
ಯಾವುದೋ ದ್ವೀಪ, ಅಲ್ಲಿನ ಕುರಿ, ಪುದೀನ,
ಬೆಂಕಿಗಿಟ್ಟರೂ ಕರಗದ ಗುಣ.
ಅವನು ಮೂರೂ ಸಲ ತಲೆಯಾಡಿಸುತ್ತ ಪೂರ್ತಿ ಕೇಳಿದ.
ಮೇಲಿನ ಕ್ಯಾಮೆರಾ ಎಷ್ಟು ಜನರನ್ನು ಎಣಿಸಿತೋ.
ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು
ಎಂದು ಗಾದೆ ಕಟ್ಟಿ ನಕ್ಕವರು
ಆ ಅಪ್ಪ ಎಲ್ಲಿದ್ದಾನೆಂದು ಕೇಳಲಿಲ್ಲ.

ರಾತ್ರಿ ಹತ್ತಕ್ಕೆ ಉಳಿದದ್ದನ್ನು ಕಪ್ಪು ಚೀಲಕ್ಕೆ ಸುರಿದು
ಇಷ್ಟು ತುಂಡು ಎಂದು ಬರೆದು ಸಹಿ ಹಾಕಬೇಕು.
ತಿನ್ನುವಂತಿಲ್ಲ. ತಿಂದಿಲ್ಲ.
“ತುಂಬಾ ರುಚಿ ಮೇಡಂ” ಎಂದು
ಐದು ತಿಂಗಳಿಂದ ಹೇಳುತ್ತಿದ್ದೇನೆ.

ರಜೆಯ ದಿನ ಅಲ್ ಖುವೈರಿನ ಇನ್ನೊಂದು ಅಂಗಡಿಗೆ
ಸೋಪು ತರಲು ಹೋದೆ.
ಅಲ್ಲಿ ಮಾರಿವಿಕ್ ಎಂಬ ಬಿಲ್ಲೆಯವಳು,
ಅದೇ ಕಾವಲಿ, ಅದೇ ಚೀಸು.
ನಾನು ಪಕ್ಕದ ಲಬನ್ ಬಾಟಲಿ ಎತ್ತಿ
ತಾರೀಖು ಓದಿದೆ.

ಉಪ್ಪು ಜಾಸ್ತಿಯೇ.

ಮೊಟ್ಟೆಯ ಸಾಲು ಸುತ್ತಿ ಮತ್ತೆ ಹೋಗುವಾಗ
ಜಡೆ ಬಿಚ್ಚಿಕೊಂಡಿದ್ದೆ.
ಅವಳು ನನ್ನ ಮುಖ ನೋಡಿದಳು,
ಕಾಲಿನ ಕಪ್ಪು ಬೂಟು ನೋಡಿದಳು, ನಿಲ್ಲುವವರ ಬೂಟು,
“ಮೊದಲ ಸಲವಾ ಮೇಡಂ?” ಎಂದು
ಕಡ್ಡಿಗೆ ತುಂಡು ಚುಚ್ಚುತ್ತ
ಕಥೆ ಶುರು ಮಾಡಿದಳು,
ದ್ವೀಪದಿಂದ.