ಬಿಡುವ ಕೊಕ್ಕೆ

ರಾತ್ರಿ ಹನ್ನೊಂದಕ್ಕೆ ಎಮ್ಸ್ ನದಿಗೆ ಉಬ್ಬರದ ನೆತ್ತಿ.
ಕೆಳಗೆ ಗೇಟು ಇಳಿಸಿ ನೀರು ನಿಲ್ಲಿಸಿದ್ದಾರೆ,
ಕಡಲಿನಿಂದ ಒಂದು ರಾತ್ರಿಯ ಸಾಲ.

ಟಗ್ಗಿನ ಚುಕ್ಕಾಣಿಕೋಣೆಯಲ್ಲಿ ಫೋಲ್ಕೆ
ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ ಬಿಸಿ ಚಹಾ ಸುರಿಯುತ್ತಾಳೆ.
ಚಿಟ್ಟೆನ್ನುತ್ತದೆ ಹರಳು.
ಅಂಚಿನಿಂದ ಕೆನೆ ಬಿಡುತ್ತಾಳೆ, ಕಲಕುವುದಿಲ್ಲ,
ಇಲ್ಲಿ ಯಾರೂ ಕಲಕುವುದಿಲ್ಲ.
ತಳದ ಸಿಹಿ ಕಡೆಯ ಗುಟುಕಿಗೆ.

ಹೊರಗೆ ಹದಿನಾರು ಮಹಡಿಯ ಹಡಗು.
ಯಾರೂ ಮಲಗದ ಮಂಚಗಳು, ಯಾರೂ ಈಜದ ಕೊಳ,
ಹಸಿ ಬಣ್ಣದ ವಾಸನೆ.
ನದಿಯೋ, ಎರಡು ಒಡ್ಡುಗಳ ನಡುವೆ ಕಂದು ಗೀರು.
ಇಷ್ಟರೊಳಗೆ ಅಷ್ಟನ್ನು ಹೇಗೆ
ಎಂದಿದ್ದೆ ನಾನು, ಕೆಲಸಕ್ಕೆ ಸೇರಿದ ದಿನ.
'ಒನ್ನೋ, ಹಿಂಗಾಲು ಮುಂದಾಗಿ ಬಂದ ಕರುವನ್ನು
ನಿಮ್ಮಪ್ಪ ಹಗ್ಗ ಕಟ್ಟಿ ಎಳೆದಿಲ್ಲವೇ?
ಹಸು ಮುಕ್ಕಿದಾಗ ಎಳೆ.
ಸುಮ್ಮನಿದ್ದಾಗ ಸುಮ್ಮನಿರು.'

ಹಾಗೇ ಹೊರಟಿತು, ಹಿಮ್ಮುಖವಾಗಿ,
ಹುಟ್ಟಿದ ಕಾರ್ಖಾನೆಯನ್ನೇ ನೋಡುತ್ತ.
ಬಾಲದ ಕಡೆ ಒಂದು ಟಗ್, ಮೂತಿಯ ಕಡೆ ನಾವು.
ಎಳೆಯುವವರು ಅವರು.
ನಾವು ತಡೆಯುವವರು.
ತಳಕ್ಕೂ ಹೂಳಿಗೂ ನಡುವೆ ಒಂದು ಮೊಳ ನೀರು.
ಬಾಯ್ದೆರೆದ ರೈಲುಸೇತುವೆಯಲ್ಲಿ
ಎಡಕ್ಕೆ ಎರಡು ಮೀಟರು, ಬಲಕ್ಕೆ ಅದೂ ಇಲ್ಲ.
ಪೈಲಟ್ ರೇಡಿಯೋದಲ್ಲಿ ಪಿಸುಗುಡುತ್ತಾನೆ,
ಗಟ್ಟಿಯಾಗಿ ಮಾತಾಡಿದರೆ ಹಡಗು ಬೆಚ್ಚೀತು ಎಂಬಂತೆ.
ಒಡ್ಡಿನ ಮೇಲೆ ಕುರ್ಚಿ ಹಾಕಿಕೊಂಡ ಜನ,
ಅವರ ಹಿಂದೆ ಎದ್ದು ನಿಂತ ಹಸುಗಳು.

ತಿರುವಿನಲ್ಲಿ ಗಾಳಿ ಬಂತು.

ಅಷ್ಟು ದೊಡ್ಡ ಗೋಡೆ ಮೆಲ್ಲಗೆ ಪಕ್ಕಕ್ಕೆ ವಾಲಿತು.
ಹಗ್ಗ ಅಡ್ಡವಾಯಿತು, ಬಿಗಿಯಿತು, ಹಾಡತೊಡಗಿತು.
ನಮ್ಮ ಕಾಲಡಿಯ ಹಲಗೆ ಇಳಿಜಾರಾಯಿತು.
ಬಟ್ಟಲು ಜಾರಿತು. ಕಿಟಕಿಯಲ್ಲಿ ಆಕಾಶವಿರಬೇಕಾದಲ್ಲಿ ನೀರು.

ಅವಳ ಚಿಕ್ಕಪ್ಪ ವೀಯರ್ಟ್ ಬೇರೊಂದು ನದಿಯಲ್ಲಿ
ಬಿಡಲಿಲ್ಲ.
ಮೂವತ್ತು ವರ್ಷ ಬಿಡದವನು ಎಂದು ಹೆಸರಾಗಿದ್ದ.
ಟಗ್ ಮಗುಚಲು ಒಂದು ಕೆಮ್ಮಿನಷ್ಟು ಹೊತ್ತು ಸಾಕು.
ಮೇಲೆತ್ತಿದಾಗ ಕೊಕ್ಕೆ ತೆರೆದಿರಲಿಲ್ಲ.
ಅದೀಗ ಅವಳ ಅಡುಗೆಮನೆಯಲ್ಲಿದೆ, ಗೋಡೆಗೆ ಹೊಡೆದು,
ಒದ್ದೆ ಟವೆಲ್ ನೇತುಹಾಕಲು.

ಫೋಲ್ಕೆಯ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ.
ಒತ್ತಲಿಲ್ಲ. ಒತ್ತದೆಯೂ ಇಲ್ಲ.
ಇನ್ನೊಂದು ಕೈ ಹಗ್ಗವನ್ನು ಗೇಣುಗೇಣಾಗಿ ಸಡಿಲಿಸುತ್ತಿದೆ,
ನಾವು ಅವನ ಮೂತಿಗೆ ನೇರವಾಗುವ ತನಕ,
ಹಗ್ಗದ ಹಾಡು ನಿಲ್ಲುವ ತನಕ.
'ಬರಲಿ,' ಅಂದಳು, ಯಾರಿಗೋ.

ಡೊಲ್ಲಾರ್ಟಿನ ಅಗಲದಲ್ಲಿ ಬೆಳಗಾಯಿತು.
ಕೊಕ್ಕೆ ತೆರೆಯಿತು ಟಕ್ ಎಂದು.
ಹೊರಡುವ ಮುಂಚೆ ಮೂರು ಸಲ ತೆರೆದು ನೋಡಿದ್ದಳು,
ಆಗಲೂ ಇದೇ ಸದ್ದು.
ಹಗ್ಗ ನೀರಿಗೆ ಬಿತ್ತು.
ಹಡಗು ಈಗ ತಾನೇ ತಿರುಗಿತು, ಕಡಲಿನ ಕಡೆ ಮುಖ ಮಾಡಿ,
ಒಂದು ಸಲ ಕೂಗಿತು. ಅದು ನಮಗೋ, ಎಲ್ಲರಿಗೋ.

ವಾಪಸು ಬರುವಾಗ ಸಾಲದ ನೀರು ಇಳಿದುಹೋಗಿತ್ತು.
ಎರಡೂ ದಡದಲ್ಲಿ ಹೊಳೆಯುವ ಕೆಸರು.
ಫೋಲ್ಕೆ ನಿದ್ದೆ.
ಕರಗದ ಕಲ್ಲುಸಕ್ಕರೆಯ ಚೂರೊಂದು
ನನ್ನ ಬೂಟಿನಡಿ ಅಂಟಿಕೊಂಡಿದೆ,
ನಡೆದಲ್ಲೆಲ್ಲ ಚರಚರ.